ಕೇರುಬೀಜದ ಗುಳ್ಳೆ

ಮಕ್ತಲ್, ಸೋಮವಾರ

ತಂಗಿ ಚನ್ನವೀರಮ್ಮನಿಗೆ ಅಕ್ಕ ಭೀಮಮ್ಮ ಬರೆಯುವುದು.

ಇಂದು ಸೋಮವಾರದ ಉಪವಾಸ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ನೀರು ತುಂಬಿ ಪೂಜೆಗೆ ಕುಳಿತೆ. ತೆಲಂಗಾಣ ಬಂತೆಂದು ಓಣಿಯಲ್ಲಿ ಲಾಡು ಹಂಚುತ್ತಿದ್ದಾರೆ. ನನ್ನ ಪಾಲು ಡಬ್ಬಿಯಲ್ಲಿದೆ. ಪೂಜೆ ಮಾತ್ರ ಅರ್ಧಕ್ಕೇ ನಿಂತಿತು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಗುರುವಾರ ನಿಮ್ಮೂರು ಗದ್ವಾಲಿನ ದವಾಖಾನೆಯಲ್ಲಿ ನಮ್ಮಿಬ್ಬರ ಎಡಗೈಗೂ ಸೂಜಿ ಚುಚ್ಚಿ, ಸುತ್ತ ಪೆನ್ನಿನಿಂದ ಗುಂಡಗೆ ಗೆರೆ ಎಳೆದರಲ್ಲ. ಕ್ಷಯದವರ ಜೊತೆ ಬಾಳಿದವರ ಮೈ ಆ ರೋಗವನ್ನು ಎಷ್ಟು ವರ್ಷ ನೆನಪಿಡುತ್ತದೆ ಎಂದು ನೋಡುವ ಪರೀಕ್ಷೆ. ಶನಿವಾರ ನಿನ್ನ ಕೈ ಕೆಂಪಗೆ ಉಬ್ಬಿತ್ತು. ನನ್ನದು ಒರೆಸಿದ ಪಾಟಿಯಂತೆ ಬರಿದು. "ನಲವತ್ತು ವರ್ಷ ಆದ್ರೂ ನಿಮ್ಮ ತೊಗಲು ಮರ್ತಿಲ್ರಿ" ಎಂದು ಡಾಕ್ಟರಮ್ಮ ನಿನ್ನಿಂದ ಕಾಳಿನಷ್ಟು ಚರ್ಮ ತೆಗೆದು ಶೀಶೆಗೆ ಹಾಕಿಕೊಂಡರು. ನನಗೆ, "ಕೆಲವರಿಗೆ ತಡ ಆಗಿ ಏಳ್ತೈತಿ, ಮಂಗಳವಾರ ಬಂದು ತೋರಿಸ್ರಿ" ಎಂದರು. "ಅಕ್ಕಂದು ಎಮ್ಮಿ ತೊಗಲ್ರೀ" ಎಂದು ನೀನು ನಕ್ಕೆ. ನನಗೆ ನಗು ಬರಲಿಲ್ಲ.

ಅವ್ವ ಕೆಮ್ಮುತ್ತ ಮಲಗಿದ ವರ್ಷ ನಿನಗೆ ಆರು, ನನಗೆ ಹತ್ತು. "ದೊಡ್ಡಾಕಿ ನೀ, ಹೇಳಿದ್ದು ಕೇಳು" ಎಂದು ನನ್ನನ್ನು ಧನ್ವಾಡದ ಅಜ್ಜಿ ಮನೆಗೆ ಕಳಿಸಿದಳು. ನೀನು ಅತ್ತು ಹಟ ಹಿಡಿದು ಅವಳ ಕೌದಿಯೊಳಗೇ ಉಳಿದೆ. ನಾನು ಅಳದೆ ಬಂಡಿ ಹತ್ತಿದೆ. ತಿರುಗಿ ಬಂದಾಗ ಅವಳಿರಲಿಲ್ಲ. ನನ್ನ ಹೊಟ್ಟೆಕಿಚ್ಚು ನಿನ್ನ ಸೀರೆಗಲ್ಲ, ಮನೆಗಲ್ಲ, ಆ ಕೌದಿಗೆ. ಈಗ ಡಾಕ್ಟರಮ್ಮನಿಗೂ ಅವ್ವ ಕಂಡದ್ದು ನಿನ್ನ ಕೈಯಲ್ಲೇ.

ನಿನ್ನೆ ಮಡಿವಾಳರ ಬುಚ್ಚಮ್ಮನ ಹತ್ತಿರ, ಬಟ್ಟೆಗೆ ಗುರುತು ಹಾಕುವ ಕೇರುಬೀಜ ಇಸಿದುಕೊಂಡು ಆ ಗೆರೆಯೊಳಗೆ ತಿಕ್ಕಿದೆ. ಬೆಳಗಾಗುವಷ್ಟರಲ್ಲಿ ಸುಟ್ಟಂತೆ ಗುಳ್ಳೆ ಎದ್ದಿತ್ತು, ನಿನ್ನದಕ್ಕಿಂತ ದೊಡ್ಡದು. ಖುಷಿಯೇ ಆಯಿತು. ಆದರೆ ಕೊರಳ ಲಿಂಗ ಬಿಚ್ಚಿ ಅದೇ ಎಡಗೈಯಲ್ಲಿಟ್ಟು ದಿಟ್ಟಿಸಿದರೆ, ಕಣ್ಣು ಲಿಂಗದ ಮೇಲೆ ನಿಲ್ಲದೆ ಗುಳ್ಳೆಗೆ ಜಾರುತ್ತಿತ್ತು. ಮೂರು ಸಲ ಕುಳಿತೆ. ಮೂರು ಸಲವೂ ಹಾಗೇ.

ನಾಳೆ ನಾನು ಬರುವುದಿಲ್ಲ. ಡಾಕ್ಟರಮ್ಮನಿಗೆ ಇದ್ದದ್ದು ಹೇಳು. ಅಕ್ಕನ ಕೈ ಏಳಲಿಲ್ಲ ಎಂದೇ ಬರೆದುಕೊಳ್ಳಲಿ. ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡ. ನಿನಗಲ್ಲದೆ ಮತ್ತಾರಿಗೂ ಗೊತ್ತಿರದ ಮಾತೊಂದು ಕೇಳುತ್ತೇನೆ: ಆ ಕೌದಿಯೊಳಗೆ ಅವ್ವ ಒಮ್ಮೆಯಾದರೂ ನನ್ನ ಹೆಸರು ಹಿಡಿದು ಕರೆದಳೇನು? ಕರೆಯದಿದ್ದರೆ ಹಾಗೇ ಬರೆ. ನನ್ನ ಸಮಾಧಾನಕ್ಕೆ ನೀನೂ ಕೇರುಬೀಜ ತಿಕ್ಕಬೇಡ.

ನಿನ್ನ ಕೈಯ ಗಾಯ ಬೇಗ ಮಾಯಲಿ, ಶಿವ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಭೀಮಮ್ಮ

ಕಾಗದ ಒಯ್ಯುವ ಶರಣಯ್ಯನವರಿಗೆ: ತಂಗಿ ಉತ್ತರ ಬರೆದು ಮುಗಿಸುವ ತನಕ ಅವಳ ಮನೆ ಕಟ್ಟೆಯ ಮೇಲೆ ಕೂತಿರಿ, ಬರಿಗೈಯಲ್ಲಿ ಬರಬೇಡಿರಿ. ಉತ್ತರ ತಂದ ಮೇಲೆಯೇ ನಾನು ಉಪವಾಸ ಬಿಡುತ್ತೇನೆ.