ಹೆಸರಿನ ಕೆಳಗಿನ ಜಾಗ

ನವೆಂಬರ್ ೧೨, ರಾತ್ರಿ

...‘ಹಸುಗಳು ನಗ್ತಾವೆ’ ಎಂದಿದ್ದಳಲ್ಲ. ಕೊಟ್ಟಿಗೆಯನ್ನು ಮನೆ ಮಾಡಿದ್ದಾಯಿತು, ಅದಕ್ಕೆ ನಿನ್ನ ಹೆಸರೇ ಇಡೋಣ ಎಂದಾಗ ಆಸ್ಪತ್ರೆಯ ಮಂಚದಿಂದ ಹೆಂಡತಿ ಕೊಟ್ಟ ಉತ್ತರ ಅದು. ‘ನಾನು ಬಂದ್ಮೇಲೆ ನೋಡೋಣ ಬಿಡ್ರಿ. ಒಂದು ರಾತ್ರಿಯಾದ್ರೂ ಅಲ್ಲಿ ಮಲಗ್ಬೇಡ್ವಾ?’ ಆಗ ಅವಳಿಗೆ ಮಾತಿತ್ತು. ಈಗ ಕಣ್ಣೂ ತೆರೆಯುತ್ತಿಲ್ಲ.

ಹೆಸರು ಬಾಗಿಲಿಗೆ ಬಂದರೆ ಅವಳೂ ಬಂದಾಳು ಎಂಬ ಹುಚ್ಚು ನನಗೆ. ಇಂದು ಕಲ್ಲು ಕೆತ್ತುವವನನ್ನು ಕರೆಸಿ ಅವಳ ಹೆಸರನ್ನೇ ಹೇಳಿದೆ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆದ. ಹೆಸರು ತೀರ ಮೇಲೆ ಕೂತಿತ್ತು. ಕೆಳಗೆ ಅರ್ಧ ಕಲ್ಲು ಖಾಲಿ.

‘ಅಷ್ಟು ಜಾಗ ಯಾಕಪ್ಪಾ?’

‘ಅಯ್ಯೋ, ಕೈ ಅಭ್ಯಾಸ ಸಾರ್! ನಮ್ದು ಹೆಚ್ಚಿಗೆ ಸಮಾಧಿ ಕಲ್ಲಿನ ಕೆಲಸ ನೋಡಿ. ಹುಟ್ಟಿದ್ದು, ಹೋಗಿದ್ದು ಬರೆಯೋಕೆ ಬಿಟ್ಟುಬಿಡ್ತೀನಿ. ಅಳಿಸಿ ನಡುವಿಗೆ ಬರೀಲಾ?’

ಬೇಡ, ನಾಳೆ ಬಾ ಎಂದು ಕಳಿಸಿದೆ. ಒದ್ದೆ ಬಟ್ಟೆಯಲ್ಲಿ ನಾನೇ ಉಜ್ಜಿದೆ. ಆಗ ಮರೆಯಾದ ಅಕ್ಷರಗಳು ಕಲ್ಲು ಒಣಗುತ್ತಿದ್ದಂತೆ ಮಸುಕಾಗಿ ಮತ್ತೆ ಮೂಡಿದವು. ಮತ್ತೆ ಉಜ್ಜಿದೆ. ಈಗ ದೀಪ ಹಿಡಿದು ಹೋಗಿ ನೋಡಲು ಧೈರ್ಯವಿಲ್ಲ.

ಒಳಗೆ ನೆಲ ಇನ್ನೂ ಹಳೆಯ ಮೋರಿಯ ಕಡೆಗೇ ಇಳಿಜಾರು. ಬಂದ ಮೇಲೆ ನೀನು ಮಲಗುವ ಕಡೆ ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಮಟ್ಟ ಮಾಡಿದ್ದೇನೆ. ನಾಳೆ ಅವನು ಉಳಿ ಹಿಡಿದು ಬರುತ್ತಾನೆ, ಆ ಕಲ್ಲಿನ ಮೇಲೆ ಏನು ಕೆತ್ತಲು ಹೇಳಲಿ? ಹಸುಗಳು ಬೇಕಾದಷ್ಟು ನಗಲಿ. ಯಾವ ಹೆಸರಿನಿಂದ ಕರೆದರೆ ನೀನು ಓಗೊಡುತ್ತೀಯೆ, ಹೇಳೇ?