ಇಳಿಯದ ಎಣ್ಣೆ ಶೀಶೆ

ಅತ್ತೆಯವರೇ,

ಗೋಕಾಕಕ್ಕೆ ಹೋಗಿ ಬರುತ್ತೇನೆ. ಸ್ನಾನಕ್ಕೆ ಸಾಬೂನು ಬೇಡ, ಕಡಲೆಹಿಟ್ಟು ಸಾಕು. ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. "ದಿನಾ ಹಚ್ಚಾಕತ್ತೇನಿ ಬಿಡವ್ವಾ" ಅನ್ನುತ್ತೀರಿ, ಶೀಶೆಯ ಎಣ್ಣೆ ಮಾತ್ರ ಇಳಿದಿಲ್ಲ. ನಿಮ್ಮ ದಿಂಬಿಗೆ ಗುಲಾಬಿ ವಾಸನೆ ಎಲ್ಲಿಂದ ಬಂತು?

ಬಳೆಗಾರ ಇವತ್ತು ಬಂದರೆ ವಾಪಸು ಕಳಿಸಿ. ಹೋದ ಸಲ ಬಳೆ ಏರಿಸುವಾಗ ನಿಮ್ಮ ಕೈಯ ಚರ್ಮ ಹಾಳೆಯಂತೆ ಹರಿಯಿತು. "ವಯಸ್ಸಾತಲ್ಲವ್ವಾ" ಎಂದಿರಿ. ನಾನು ನಂಬಲಿಲ್ಲ. ಬೆಲ್ಲದ ಬಾಗೇವಾಡಿಯ ಜಿನ್ನವ್ವ ಕಾಕು ಬಂದು ಹೋದಾಗಲೆಲ್ಲ ನಿಮ್ಮ ಮುಖ ಬೆಳ್ಳಗಾಗುತ್ತದೆ, ಆಮೇಲೆ ಕೆಂಪಾಗಿ ಉರಿಯುತ್ತದೆ.

ಮೊಮ್ಮಗಳ ಮದುವೆಯ ಫೋಟೊದಲ್ಲಿ ನಿಮ್ಮ ಸುಕ್ಕು ಇರಲಿ. ನಮಗೆ ಆ ಮುಖವೇ ಬೇಕು.

ಜೋಳದ ಡಬ್ಬಿಯಲ್ಲಿ ಕೈಯಾಡಿಸಬೇಡಿ. ಕಾಕು ಕೊಟ್ಟ, ನೀವು ಅಲ್ಲಿ ಬಚ್ಚಿಟ್ಟಿದ್ದ ಹೆಸರಿಲ್ಲದ ಆ ಮುಲಾಮಿನ ಟ್ಯೂಬು ಗೋಕಾಕದ ಡಾಕ್ಟರಿಗೆ ತೋರಿಸಲು ನನ್ನ ಚೀಲದಲ್ಲಿದೆ.

ತ್ರಿಶಲಾ