ಇಬ್ಬರೇ ನುಡಿಸಿದ ಸಂಜೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಕಾಗದ ತಡವಾಯಿತು, ಬೈದುಕೊಂಡಿರುತ್ತೀಯ, ಬೈದುಕೋ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ತಲೆಯ ಮೇಲೆ ಬಿದ್ದಿತ್ತು ಎಂದು ನೆಪ ಹೇಳಬಹುದು. ನಿಜ ಏನೆಂದರೆ, ಬರೆದು ಬರೆದು ಹರಿದೆ. ಕಿವಿಯೊಳಗಿನ ಗುಂಯ್ ಸದ್ದು ಕಡಿಮೆಯಾಯಿತೇ? ಫೋನು ಮುಟ್ಟಬೇಡ ಅಂತ ಡಾಕ್ಟರು ಹೇಳಿದ ಮೇಲೆ ನಮ್ಮ ಜಗಳವೂ ಅಂಚೆಯಲ್ಲೇ ನಡೆಯಬೇಕಾಗಿದೆ.

ನೀನು ಹೇಳಿದ ಹಾಗೆ ನಿನ್ನ ಗೆಳೆಯರ ಕಾರ್ಯಕ್ರಮಕ್ಕೆ ಹೋಗಿಬಂದೆ. "ನಾನಿಲ್ಲದ ಜಾಗ ಬಣಗುಡ್ತಿದ್ರೆ ಹೇಳು, ಕಿವಿ ಹೋದ್ರೆ ಹೋಗ್ಲಿ, ಗಿಟಾರ್ ಹಿಡ್ಕೊಂಡು ವಾಪಸ್ ಬಂದೇ ಬರ್ತೀನಿ" ಎಂದು ಬರೆದಿದ್ದೆಯಲ್ಲ, ಆ ಸಾಲು ಓದಿದಾಗಿನಿಂದ ನನಗೆ ಊಟ ಸೇರಿಲ್ಲ. ಇನ್ನೊಮ್ಮೆ ವೇದಿಕೆ ಹತ್ತಿದರೆ ಉಳಿದಿರುವಷ್ಟು ಕಿವಿಯೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳುವಾಗ ನಿನ್ನ ಪಕ್ಕ ಕೂತಿದ್ದವಳು ನಾನು.

ನಿನ್ನ ಭಾವನನ್ನೂ ಎಳೆದುಕೊಂಡು ಹೋದೆ. ಲಿಫ್ಟ್ ರಿಪೇರಿ ಮಾಡುವವರಿಗೆ ಸದ್ದು ಅಂದರೆ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಅರ್ಥ. ಸ್ಪೀಕರು ಸಣ್ಣಗೆ ಗುಂಯ್‌ಗುಟ್ಟಿದ್ದೇ ತಡ, ಅರ್ಥಿಂಗ್ ಸರಿಯಿಲ್ಲ ಅಂದರು. ಹಳೇ ಗೋದಾಮು, ಮಡಚುವ ಕುರ್ಚಿಗಳು, ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು. ನೀವು ಮೂವರಿದ್ದದ್ದು ಈಗ ಇಬ್ಬರು: ಡ್ರಮ್ ಬಾರಿಸುವ ನಿಮ್ಮ 'ಗಡಿಯಾರ', ಬೇಸ್ ಗಿಟಾರಿನ 'ಕಂಬ'. ಎಡಗಡೆ, ನೀನು ನಿಲ್ಲುತ್ತಿದ್ದ ಕಡೆ, ಏನೂ ಇಟ್ಟಿರಲಿಲ್ಲ.

ಕಂಬ ಒಂದು ಸ್ವರ ಮೀಟಿ, ಅದು ತಾನಾಗಿ ಆರಿಹೋಗುವವರೆಗೆ ಹೆಸರಿಗೆ ತಕ್ಕಂತೆ ನಿಂತ. ಗಡಿಯಾರ ಒಂದೇ ಒಂದು ಪೆಟ್ಟು ಹಾಕಿದ. ಮತ್ತೆ ಸುಮ್ಮನೆ. ಈ ಲಿಫ್ಟು ಎಲ್ಲಾ ಮಹಡಿಯಲ್ಲೂ ನಿಲ್ಲುತ್ತಲ್ಲ ಎಂದು ಭಾವ ಗೊಣಗಿದರು.

ಎರಡನೆಯ ಹಾಡಿನ ನಡುವೆ ಒಂದು ದೊಡ್ಡ ಬಿಡುವು ಬಂತು ನೋಡು. ಮುಗಿಯಿತು ಅಂದುಕೊಂಡು ಭಾವ ಎದ್ದು ಚಪ್ಪಾಳೆ ತಟ್ಟಿ, ಚೀಲ ಹೆಗಲಿಗೇರಿಸಿದರು. ಅವರನ್ನು ನೋಡಿ ನಮ್ಮ ಸಾಲು, ನಮ್ಮ ಸಾಲನ್ನು ನೋಡಿ ಹಿಂದಿನ ಸಾಲು. ಗಡಿಯಾರನ ಕೋಲು ಎತ್ತಿದ್ದು ಎತ್ತಿದ ಹಾಗೇ ಇತ್ತು. ಚಪ್ಪಾಳೆ ಪೂರ್ತಿ ಅಡಗುವವರೆಗೆ ಕಾದು, ಆಮೇಲೆ ಹೊಡೆದ. ಎಲ್ಲರೂ ಧಪ್ಪನೆ ಕೂತೆವು. ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಲ್ಲಿಂದಾಚೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೇ ಕೇಳಿದರು.

ಬರುಬರುತ್ತ ನನಗೂ ಅದು ಹಿಡಿಸಿತು. ಮುಂದಿನ ಸ್ವರಕ್ಕೆ ಕಾಯುವುದನ್ನು ಬಿಟ್ಟ ಮೇಲೆ, ಬಂದಷ್ಟೇ ಸಾಕು ಅನ್ನಿಸತೊಡಗಿತು. ಕೊನೆಯ ಸದ್ದು ಕರಗಿದಾಗ ಚಪ್ಪಾಳೆ ಶುರುಮಾಡಲು ಯಾರಿಗೂ ಧೈರ್ಯವಿಲ್ಲ. ಎಲ್ಲರೂ ಭಾವನ ಕಡೆ ತಿರುಗಿ ನೋಡುತ್ತಿದ್ದರು.

ಆಮೇಲೆ ಗಡಿಯಾರ ವೈರು ಸುತ್ತುತ್ತಲೇ ನನ್ನ ಹತ್ತಿರ ಬಂದ. ನಿನ್ನ ನಿದ್ದೆ, ಔಷಧಿ ಎಲ್ಲ ವಿಚಾರಿಸಿದ. ಹೊಸಬರನ್ನು ಸೇರಿಸಿಕೊಳ್ಳಿ ಎಂದು ಕಂಡಕಂಡವರೆಲ್ಲ ಹೇಳುತ್ತಿದ್ದಾರಂತೆ, ಇವರಿಬ್ಬರೂ ಒಪ್ಪಿಲ್ಲವಂತೆ.

"ಅವನ ಜಾಗ ಅವನಿಗೇ ಇದೆ ಅಂತ ಬರೀರಿ ಅಕ್ಕಾ" ಅಂದ.

ಬರೆದಿದ್ದೇನೆ. ಅವನ ಮಾತನ್ನು ನಿನಗೆ ಮುಟ್ಟಿಸದೆ ಇರುವುದು ನನಗೆ ಸರಿಕಾಣಲಿಲ್ಲ.

ಹಠ ಮಾಡದೆ ಔಷಧಿ ತೆಗೆದುಕೋ, ಸಂಜೆ ಸ್ವಲ್ಪ ನಡೆದಾಡು. ಹರಸುವಷ್ಟು ದೊಡ್ಡವಳಲ್ಲ ನಾನು, ಆದರೂ ನಿನಗಿಂತ ಮೊದಲು ಹುಟ್ಟಿದ ಹಕ್ಕಿನಿಂದ ಹರಸುತ್ತೇನೆ: ಸುಖವಾಗಿರು ಮಗನೇ.

ನಿನ್ನ
ಅಕ್ಕ

ತಾ. ಕ.: ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ, ಗೊತ್ತು. ನಿನ್ನ ಕಿವಿ ಉಳಿದರೆ ಸಾಕೆಂದು, 'ನೀನಿಲ್ಲದ್ದು ಗೊತ್ತೇ ಆಗಲಿಲ್ಲ' ಅಂತ ಸುಳ್ಳು ಬರೆಯುವುದೆಂದು ಮನೆ ಬಿಡುವಾಗಲೇ ನಿಶ್ಚಯಿಸಿಕೊಂಡಿದ್ದೆ. ಮೊದಮೊದಲು ಆ ಖಾಲಿ ಜಾಗವನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಯಾವಾಗಲೋ ನೋಡುವುದನ್ನು ಮರೆತೆ. ಒಡಹುಟ್ಟಿದವಳೇ ಮರೆತೆ. ಸುಳ್ಳು ಬೇಕಾಗಲಿಲ್ಲ, ಪುಟ್ಟಾ.